ಗಿಟಾರ್ ತಂತಿಯ ‘ಬಜ್’ಗೆ ಕನ್ನಡದಲ್ಲಿ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ಗಿಟಾರ್ ಕಲಿಯುವ ಮಕ್ಕಳಿಗೆ ಅಂತ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ವಾದ್ಯವನ್ನು ಹೇಗೆ ಇಟ್ಟುಕೊಳ್ಳಬೇಕು, ತಂತಿ ಯಾವಾಗ ಬದಲಿಸಬೇಕು, ಇಂಥ ಮಾತುಗಳೇ. ಎಲ್ಲ ಸಲೀಸಾಗಿ ಸಾಗಿತ್ತು, ‘ಬಜ್’ ಅನ್ನುವ ಪದದ ಹತ್ತಿರ ಬಂದು ನಿಂತಿದೆ. ತಂತಿ ಮೀಟಿದಾಗ ಸ್ವರದ ಬೆನ್ನಿಗೇ ಒಂದು ಬೇಡದ ಸದ್ದು ಬರುತ್ತದಲ್ಲ, ಅದು. ಮಕ್ಕಳು ‘ಸಾರ್, ಬಜ್ ಆಗ್ತಿದೆ’ ಅನ್ನುತ್ತಾರೆ. ಅವರ ಮನೆಯವರು ‘ಏನೋ ಜರ್ ಅಂತಿದೆ, ನೋಡಿ ಸ್ವಲ್ಪ’ ಅನ್ನುತ್ತಾರೆ. ಕರಡು ಓದಿದ ಹಿರಿಯರೊಬ್ಬರು ಅದನ್ನು ‘ತಂತ್ರೀಗುಂಜನ ದೋಷ’ ಅಂತ ತಿದ್ದಿ ಕೊಟ್ಟರು. ಓದಿದವರು ಪುರೋಹಿತರನ್ನು ಕರೆಸಿ ಶಾಂತಿ ಮಾಡಿಸಬೇಕೇನೋ ಅಂದುಕೊಂಡಾರು!

ನಾನು ಹೇಳುತ್ತಿರುವುದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್. ‘ಶಾಸ್ತ್ರೀಯ ಗಿಟಾರ್’ ಅಂದರೆ ನಮ್ಮ ಕಡೆ ವಿಶ್ವಮೋಹನ್ ಭಟ್ಟರ ಮೋಹನವೀಣೆ ನೆನಪಾಗುತ್ತದೆ. ಅದು ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಕಡ್ಡಿ ಜಾರಿಸಿ ನುಡಿಸುವ ವಾದ್ಯ. ಹಾಗಾಗಿ ‘ಕ್ಲಾಸಿಕಲ್’ ಅನ್ನೋದು ಹಾಗೇ ಇರಲಿ ಅಂತ ಬಿಟ್ಟೆ. ಭಾಗಗಳ ಹೆಸರಿಗೆ ವೀಣೆಯವರ ಮಾತು ಸಾಕಾಯಿತು: ತಂತಿ ಬಿಗಿಸುವ ಬಿರಡೆ, ಎಡಗೈ ಓಡಾಡುವ ದಂಡಿ, ಅದರ ಮೇಲಿನ ಅಡ್ಡಪಟ್ಟಿಗಳಾದ ಮೆಟ್ಟಿಲು, ಹಲಗೆಯ ಮೇಲೆ ತಂತಿಯನ್ನು ಹೊರುವ ಕುದುರೆ. ಗಿಟಾರಿನ ಕುದುರೆಯ ಮೇಲೆ ಒಂದು ಮೂಳೆಯ ಪಟ್ಟಿ ಕೂರುತ್ತದೆ, ತಂತಿ ಹಾದುಹೋಗುವುದು ಅದರ ಮೇಲೇ. ಇಂಗ್ಲಿಷಿನವರು ಅದಕ್ಕೆ ಸ್ಯಾಡಲ್ ಅಂದಿದ್ದಾರೆ. ನಮ್ಮ ಕುದುರೆಗೆ ಅವರ ಜೀನು ಎಷ್ಟು ಚೆನ್ನಾಗಿ ಕೂತಿದೆ ನೋಡಿ! ‘ಜೀನು’ ಅಂತಲೇ ಬರೆದಿದ್ದೇನೆ. ಬಿರಡೆಗಳ ಕಡೆ ಇರುವ ಇನ್ನೊಂದು ಮೂಳೆಪಟ್ಟಿಗೆ ಅಂಗಡಿಯಲ್ಲಿ ನಟ್ ಅನ್ನುತ್ತಾರೆ. ಹಾಗಂತ ಬರೆದರೆ ಮಕ್ಕಳು ಬೋಲ್ಟ್ ಎಲ್ಲಿ ಅಂತ ಕೇಳುತ್ತಾರೆ. ಸದ್ಯಕ್ಕೆ ‘ತಲೆಪಟ್ಟಿ’ ಅಂತ ಹಾಕಿದ್ದೇನೆ.

ಈಗ ‘ಬಜ್’ ವಿಷಯ. ಝೇಂಕಾರ ಅನ್ನಬಹುದಿತ್ತು. ಆದರೆ ‘ನಿಮ್ಮ ಗಿಟಾರ್ ಝೇಂಕರಿಸುತ್ತಿದೆ’ ಅಂದರೆ ಯಾರಾದರೂ ಖುಷಿಪಡುತ್ತಾರೆಯೇ ಹೊರತು ರಿಪೇರಿಗೆ ತರುವುದಿಲ್ಲ. ಗುಂಯ್ ಅನ್ನೋದು ಸೊಳ್ಳೆಗೆ ಮತ್ತು ಕಿವಿಗೆ ಮೀಸಲಾಗಿಬಿಟ್ಟಿದೆ. ಮೈಕ್‌ಸೆಟ್‌ನವರು ಕೋನ್ ಹರಿದ ಸ್ಪೀಕರಿಗೆ ‘ಬರ್ ಅಂತಿದೆ’ ಅನ್ನುತ್ತಾರೆ, ಅದು ಇದಕ್ಕಿಂತ ದಪ್ಪ ಸದ್ದು.

ನನಗೆ ಅನ್ನಿಸುವುದು ಇಷ್ಟು: ಇದಕ್ಕೆ ಒಂದೇ ಪದ ಹುಡುಕುವುದೇ ಬೇಡ. ಇಂಗ್ಲಿಷಿನ ಒಂದು ಬಜ್‌ನೊಳಗೆ ನಾಲ್ಕು ಬೇರೆಬೇರೆ ಕಾಯಿಲೆಗಳಿವೆ. ನಮ್ಮ ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಓದಿದೆವಲ್ಲ, ಚಟಚಟ, ಕರಕರ, ಧಗಧಗ, ಅಂಥ ಪದಗಳಿಗೆ ಕನ್ನಡದಲ್ಲಿ ಬರವಿಲ್ಲ. ಒಂದೊಂದು ಕಾಯಿಲೆಗೆ ಒಂದೊಂದು ಸದ್ದಿನ ಪದ ಕೊಟ್ಟರೆ ಕಾರಣವೂ ಅದರಲ್ಲೇ ತಿಳಿಯುತ್ತದೆ. ನಾನು ಮಾಡಿಕೊಂಡಿರುವ ವಿಂಗಡಣೆ ಹೇಳುತ್ತೇನೆ, ಸರಿಯಿದೆಯಾ ನೋಡಿ.

ಮೊದಲನೆಯದು ‘ಜಿರ್’. ಅಲುಗುವ ತಂತಿ ಮುಂದಿನ ಮೆಟ್ಟಿಲಿಗೆ ತಾಗಿದಾಗ ಬರುವ ಸದ್ದು. ಅತಿ ಹೆಚ್ಚು ಬರುವ ದೂರು ಇದೇ. ನೈಲಾನ್ ತಂತಿಯ ಬಿಗಿ ಉಕ್ಕಿನ ತಂತಿಗಿಂತ ಕಡಿಮೆ, ಹಾಗಾಗಿ ಅದು ಅಗಲವಾಗಿ ಆಡುತ್ತದೆ, ಅದಕ್ಕೆ ಜಾಗವೂ ಜಾಸ್ತಿ ಬೇಕು. 12ನೇ ಮೆಟ್ಟಿಲ ಮೇಲೆ ದಪ್ಪ ತಂತಿಗೆ ಸುಮಾರು 4 ಮಿ.ಮೀ., ಸಣ್ಣ ತಂತಿಗೆ ಸುಮಾರು 3 ಮಿ.ಮೀ. ಸಂದು ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಬೆರಳಿಗೆ ಸುಲಭ ಆಗಲಿ ಅಂತ ಅಂಗಡಿಯಲ್ಲೇ ಜೀನನ್ನು ಜಾಸ್ತಿ ಉಜ್ಜಿಸಿಕೊಂಡು ಬಂದವರಿಗೆ ಈ ಜಿರ್ ಖಾತ್ರಿ. ಆಗ ಜೀನಿನ ಕೆಳಗೆ ತೆಳ್ಳನೆಯ ಮರದ ಸೀಳು ಇಟ್ಟು ಎತ್ತರಿಸಬೇಕು. ಜೀನು 1 ಮಿ.ಮೀ. ಏರಿದರೆ 12ನೇ ಮೆಟ್ಟಿಲ ಮೇಲೆ ಸಂದು ಅರ್ಧ ಮಿ.ಮೀ. ಮಾತ್ರ ಹೆಚ್ಚುತ್ತದೆ, ಯಾಕಂದರೆ ಅದು ತಂತಿಯ ನಟ್ಟನಡುವೆ ಇದೆ. ಈ ಲೆಕ್ಕ ಮರೆತವರು ಎರಡೆರಡು ಸಲ ತಂತಿ ಬಿಚ್ಚಬೇಕಾಗುತ್ತದೆ.

ವಾದ್ಯದ್ದೇ ತಪ್ಪು ಅಂತಲೂ ಅಲ್ಲ. ಮೆಟ್ಟಿಲಿನ ಪಕ್ಕದಲ್ಲೇ ಒತ್ತದೆ ದೂರದಲ್ಲಿ ಒತ್ತಿದರೂ ಜಿರ್ ಅನ್ನುತ್ತದೆ. ಬಲಗೈ ಬೆರಳು ತಂತಿಯನ್ನು ಮೇಲಕ್ಕೆ ಎಳೆದು ಬಿಟ್ಟರೂ ಅದು ವಾಪಸ್ ಬಂದು ಮೆಟ್ಟಿಲಿಗೆ ಬಡಿಯುತ್ತದೆ. ಇನ್ನು ಹವೆ. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ವಿಷಯ. ಸಕಲೇಶಪುರದ ಕಡೆಯ ತೋಟದ ಮನೆಯ ಗಿಟಾರ್ ಮಳೆಗಾಲದ ಬಾಗಿಲಿನ ಹಾಗೆ ಊದಿಕೊಳ್ಳುತ್ತದೆ. ಮುಂದಿನ ಹಲಗೆ ಉಬ್ಬಿ ತಂತಿ ಮೇಲೆ ಹೋಗುತ್ತದೆ, ಒತ್ತುವುದು ಕಷ್ಟ, ಆದರೆ ಜಿರ್ ಇಲ್ಲ. ಅದೇ ಗಿಟಾರನ್ನು ಶಿವರಾತ್ರಿ ಕಳೆದ ಮೇಲೆ ಅರಸೀಕೆರೆಗೆ ತಂದಿಟ್ಟರೆ ಹಲಗೆ ಒಣಗಿ ಕುಸಿಯುತ್ತದೆ, ತಂತಿ ಕೆಳಗಿಳಿಯುತ್ತದೆ, ಜಿರ್ ಶುರು. ಮೆಟ್ಟಿಲುಗಳ ತುದಿ ಅಂಗೈಗೆ ಚುಚ್ಚತೊಡಗಿದರೆ ದಂಡಿಯ ಮರವೂ ಒಣಗಿದೆ ಅಂತ ಲೆಕ್ಕ. ಗಾಳಿಯ ತೇವ ನೂರಕ್ಕೆ 45ರಿಂದ 55ರಷ್ಟು ಇರುವ ಕಡೆ ಇಟ್ಟರೆ ಮರಕ್ಕೆ ಹಿತ. ಉಜ್ಜುವುದು, ಏರಿಸುವುದು ಆಮೇಲಿನ ಮಾತು. ಸುಮ್ನೆ ಬೇಸಿಗೆಯಲ್ಲಿ ಏರಿಸಿ ಮಳೆಗಾಲದಲ್ಲಿ ಇಳಿಸುತ್ತಾ ಕೂರಬಾರದು.

ಒಂದೇ ಮೆಟ್ಟಿಲಿನ ಹತ್ತಿರ ಮಾತ್ರ ಜಿರ್ ಬಂದರೆ ಅದರ ಮುಂದಿನ ಮೆಟ್ಟಿಲು ಮೇಲೆದ್ದಿರುತ್ತದೆ. ಮೂರು ಮೆಟ್ಟಿಲಿಗೆ ಮಾತ್ರ ತಾಗುವಷ್ಟು ಉದ್ದದ ನೇರ ಉಕ್ಕಿನ ತುಂಡು ಇಟ್ಟು ನೋಡುತ್ತಾರೆ. ನಡುವಿನದು ಎದ್ದಿದ್ದರೆ ತುಂಡು ಕುಂಟುತ್ತದೆ. ಈ ‘ಕುಂಟು’ ನನಗೆ ಬಹಳ ಹಿಡಿಸಿದ ಮಾತು, ಮೇಜು ಕುಂಟುವ ಹಾಗೇ ತಾನೇ? ಇದಕ್ಕೆ ಬೇರೆ ಪದ ಹುಡುಕಲೇ ಇಲ್ಲ.

ಎರಡನೆಯದು ಸ್ವಲ್ಪ ಸ್ವಾರಸ್ಯದ್ದು. ಬೆರಳಿಡದೆ ಖಾಲಿ ತಂತಿ ಮೀಟಿದಾಗ ಮಾತ್ರ ಸದ್ದು ಬರುತ್ತದೆ, ಎಲ್ಲಾದರೂ ಒತ್ತಿದರೆ ಮಾಯ. ಆಗ ತಪ್ಪು ತಲೆಪಟ್ಟಿಯಲ್ಲಿದೆ. ತಂತಿಯನ್ನು ಎರಡು ಮತ್ತು ಮೂರನೇ ಮೆಟ್ಟಿಲ ನಡುವೆ ಒತ್ತಿ ಹಿಡಿದು, ಒಂದನೇ ಮೆಟ್ಟಿಲ ಮೇಲೆ ಕಣ್ಣು ಕಿರಿದು ಮಾಡಿ ನೋಡಿ. ಕೂದಲೆಳೆಯಷ್ಟು ಸಂದು ಇರಬೇಕು. ತೆಳು ಕಾಗದದ ಚೂರು ಜಾರಿಸಿದರೆ ತಂತಿಯನ್ನು ಎತ್ತದೆ ಆಚೆ ಹೋಗಬೇಕು. ಹೋಗದೆ ಸಿಕ್ಕಿಕೊಂಡರೆ ತಲೆಪಟ್ಟಿಯಲ್ಲಿ ತಂತಿ ಕೂರುವ ಗೀರು ಆಳವಾಗಿದೆ ಅಂತ ಅರ್ಥ. ಗೀರಿಗೆ ಮೂಳೆಪುಡಿಯನ್ನೋ ಅಡುಗೆಸೋಡವನ್ನೋ ತುಂಬಿ, ಒಂದು ಹನಿ ಫೆವಿಕ್ವಿಕ್ ಬಿಟ್ಟು, ಮತ್ತೆ ಅರದಿಂದ ಹದ ಮಾಡುವುದು ತಾತ್ಕಾಲಿಕ ಉಪಾಯ. ಹೊಸ ಪಟ್ಟಿ ಹಾಕಿಸುವುದೇ ಸರಿ.

ಗೀರು ಆಳವಿಲ್ಲದೆಯೂ ಸದ್ದು ಬರುವುದುಂಟು. ಗೀರಿನ ತಳ ಬಿರಡೆಯ ಕಡೆಗೆ ಇಳಿಜಾರಾಗಿ, ತಂತಿ ಮುಂದಿನ ಅಂಚಿನಲ್ಲಿ ಗಟ್ಟಿಯಾಗಿ ಕೂರಬೇಕು. ತಳ ಚಪ್ಪಟೆಯಾಗಿದ್ದರೆ ತಂತಿ ಅದರ ಮೇಲೆ ಸವರಿಕೊಂಡು ಅಲುಗುತ್ತದೆ. ಆಗ ಬರುವ ಸದ್ದು ಥೇಟ್ ಸಿತಾರ್. ಇದಕ್ಕೆ ಹಿಂದೂಸ್ತಾನಿಯವರ ‘ಜವಾರಿ’ ಬಿಟ್ಟರೆ ಬೇರೆ ಮಾತೇ ಬೇಡ ಅನ್ನಿಸಿತು. ಸಿತಾರಿನ ಕುದುರೆಯನ್ನು ಬೇಕಂತಲೇ ಹಾಗೆ ಅಗಲವಾಗಿ ಉಜ್ಜಿ ಜವಾರಿ ತರುತ್ತಾರೆ. ತಂಬೂರಿಯಲ್ಲಿ ಅದೇ ಕೆಲಸವನ್ನು ತಂತಿಯ ಕೆಳಗಿನ ನೂಲಿನ ಎಳೆ ಮಾಡುತ್ತದೆ. ಅದನ್ನು ಒಂದಿಷ್ಟೇ ಇಷ್ಟು ಸರಿಸಿದರೆ ತಂಬೂರಿ ಸತ್ತಂತಾಗುತ್ತದೆ, ಸರಿಯಾದ ಜಾಗಕ್ಕೆ ತಂದರೆ ಮತ್ತೆ ಮಾತಾಡುತ್ತದೆ. ಅದಕ್ಕೇ ಆ ಎಳೆಗೆ ‘ಜೀವಾಳ’ ಅಂದದ್ದು. ಅಲ್ಲಿ ಜೀವ ಅನ್ನಿಸಿಕೊಂಡಿದ್ದು ಗಿಟಾರಿನಲ್ಲಿ ಕಾಯಿಲೆ! ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದಲ್ಲೇ ಗುಡಿ ಕಟ್ಟಿದ್ದಾರೆ. ಆ ಜಿಲ್ಲೆಯವನಾಗಿ ಈ ಸದ್ದನ್ನು ದೋಷ ಅಂತ ಬರೆಯಲು ಪೆನ್ನು ಓಡುತ್ತಿಲ್ಲ.

ಒಂದೇ ತೊಡಕು. ಹುಬ್ಬಳ್ಳಿ, ಧಾರವಾಡದ ಕಡೆ ಜವಾರಿ ಅಂದರೆ ನಮ್ಮ ‘ನಾಟಿ’. ಜವಾರಿ ಕೋಳಿ, ಜವಾರಿ ಬದನೆಕಾಯಿ. ‘ನಿನ್ನ ಗಿಟಾರ್ ಜವಾರಿ ಆಗಿದೆ’ ಅಂತ ಓದಿದರೆ ಆ ಕಡೆಯವರು ಏನು ತಿಳಿಯುತ್ತಾರೆ? ಅಲ್ಲಿಯವರೇ ಹೇಳಬೇಕು.

ಮೂರನೆಯದು ‘ಲೊಡಲೊಡ’. ಬಿರಡೆಯ ತಿರುಪು ಸಡಿಲ, ಕುದುರೆಯ ಹಿಂದೆ ಉಳಿದ ತಂತಿಯ ಬಾಲ ಹಲಗೆಗೆ ತಾಗುವುದು, ಇಂಥವು. ಒಂದು ಸ್ವರಕ್ಕೆ ಮಾತ್ರ ಬರುತ್ತದೆ, ಮಿಕ್ಕಿದ್ದಕ್ಕೆ ಇಲ್ಲ. ಆ ಸ್ವರವನ್ನೇ ಮತ್ತೆ ಮತ್ತೆ ಮೀಟುತ್ತಾ, ಇನ್ನೊಬ್ಬರಿಂದ ಒಂದೊಂದೇ ತಿರುಪಿನ ಮೇಲೆ ಬೆರಳು ಇಡಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಕೆಲವೊಮ್ಮೆ ಸದ್ದು ಗಿಟಾರಿನದ್ದೇ ಆಗಿರುವುದಿಲ್ಲ, ಕಿಟಕಿಯ ಗಾಜೋ ಬೀರುವಿನ ಮೇಲಿನ ಸ್ಟೀಲ್ ಡಬ್ಬವೋ ಅದುರುತ್ತಿರುತ್ತದೆ. ಲೊಡಲೊಡ ಅನ್ನೋದು ಇಷ್ಟು ಸಣ್ಣ ಸದ್ದಿಗೆ ಸ್ವಲ್ಪ ಭಾರವೇ, ಒಪ್ಪುತ್ತೇನೆ. ಆದರೆ ಏನೋ ಸಡಿಲ ಆಗಿದೆ ಅಂತ ಕೇಳಿದ ಕೂಡಲೇ ಗೊತ್ತಾಗುತ್ತದಲ್ಲ.

ನಾಲ್ಕನೆಯದು ‘ಒಡಕು’. ಹಲಗೆ ಬಿರುಕುಬಿಟ್ಟಾಗ, ಒಳಗಿನ ಆಧಾರದ ಪಟ್ಟಿ ಅಂಟು ಬಿಟ್ಟಾಗ. ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರೆ ಅಂಟು ಬಿಟ್ಟ ಕಡೆ ದನಿ ಬದಲಾಗುತ್ತದೆ. ಇದು ಮನೆಯಲ್ಲಿ ಕೈಹಾಕುವ ಕೆಲಸವಲ್ಲ, ಅದಕ್ಕೇ ಮಕ್ಕಳಿಗೆ ಹೆದರಿಕೆ ಹುಟ್ಟಿಸುವ ಪದವನ್ನೇ ಇಟ್ಟಿದ್ದೇನೆ.

ನನ್ನ ಪ್ರಶ್ನೆಗಳು. ವೀಣೆ, ತಂಬೂರಿ ಮಾಡುವವರನ್ನು ಬಲ್ಲವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ತಂತಿ ಮೆಟ್ಟಿಲಿಗೆ ತಾಗಿ ಸದ್ದು ಮಾಡಿದರೆ ಅವರು ಏನನ್ನುತ್ತಾರೆ? ನಾನು ತಲೆಪಟ್ಟಿ ಅಂದದ್ದಕ್ಕೆ ಅವರ ಬಾಯಲ್ಲಿ ಯಾವ ಹೆಸರಿದೆ? ‘ಜಿರ್ ಅನ್ನುತ್ತದೆ’ ಸರಿಯೋ, ‘ಜಿರ್‌ಗುಟ್ಟುತ್ತದೆ’ ಅಂತ ಬರೆದರೆ ಮೇಲೋ? ಮಕ್ಕಳು ಗಟ್ಟಿಯಾಗಿ ಓದುವ ಪುಸ್ತಕ, ಹಾಗಾಗಿ ನನ್ನ ಒಲವು ಮೊದಲನೆಯದಕ್ಕೆ. ತಂತ್ರೀಗುಂಜನದ ಪರವಾಗಿ ವಾದಿಸುವವರಿದ್ದರೆ ಅವರೂ ಬರೆಯಿರಿ, ಹಿರಿಯರಿಗೆ ಉತ್ತರ ಕೊಡಬೇಕಾಗಿದೆ.