ಕಾರಿನ ಡೋರ್‌ಗೆ ಮನ್ಯಾಗೇ ಸ್ಪ್ರೇ ಪೇಂಟ್ ಹೊಡ್ದವ್ರು ಯಾರರೆ ಅದೀರೇನ್ರಿ?

ನಮಸ್ಕಾರ್ರಿ ಎಲ್ಲಾರಿಗೂ. ನಂದು ಹಳೇ ಆಲ್ಟೋ ಅದ, ಬಿಳಿ. ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ನಿಲ್ಲಿಸಿದಾಗ ಯಾರೋ ಬೈಕ್ ಹ್ಯಾಂಡಲ್ ತಾಗಿಸಿ ಹಿಂದಿನ ಡೋರ್ ಉದ್ದಕ ಗೀರಿ ಹೋಗ್ಯಾರ, ಒಳಗಿನ ತಗಡ ಕಾಣ್ಲತ್ತದ. ಎನ್‌ಸಿಬಿ (ಕ್ಲೇಮ್ ಮಾಡದಿದ್ರ ಇನ್ಶೂರೆನ್ಸ್‌ದಾಗ ಸಿಗೋ ರಿಯಾಯ್ತಿ) 50% ತನಕ ಬಂದದ, ಇಷ್ಟಕ್ಕ ಕ್ಲೇಮ್ ಹಾಕಿ ಅದನ್ನ ಕಳ್ಕೊಳ್ಳೋದು ಬ್ಯಾಡ ಅನಸ್ತದ. ಡಬ್ಬಿ ತಂದು ನಾನೇ ಹೊಡಿಲೇನ್ರಿ?

ಬೀದರ್‌ನಿಂದ: ಬಿಳಿ ಅಂದ್ರ ಧೈರ್ಯ ಮಾಡ್ರಿ. ಸಿಲ್ವರ್ ಇದ್ದಿದ್ರ ಬ್ಯಾಡ ಅಂತಿದ್ದೆ, ಯಾಕಂದ್ರ ಮೆಟಾಲಿಕ್‌ದಾಗ ಅಲ್ಯುಮಿನಿಯಂ ಚೂರು ಇರ್ತಾವ, ಅವು ಒಂದೊಂದು ಕೋಟ್‌ನಾಗ ಒಂದೊಂದು ಥರಾ ಕುಂತು ಬಿಸಿಲಿಗೆ ತ್ಯಾಪಿ ಹಚ್ಚಿದಂಗ ಕಾಣ್ತದ. ಅಂಗಡ್ಯಾಗ ಬರೇ ಬಿಳಿ ಕೊಡ್ರಿ ಅನ್ನಬ್ಯಾಡ್ರಿ, ಕಲರ್ ಕೋಡ್ ಹೇಳ್ರಿ, ಮಾರುತಿ ಸುಪೀರಿಯರ್ ವೈಟ್ ಆದ್ರ 26ಯು, ಆದ್ರೂ ಗಾಡಿ ಮ್ಯಾಲಿನ ಕಲರ್ ಕೋಡ್ ಪ್ಲೇಟ್ ನೋಡೇ ತಗೋರಿ. ಕೋಡ್ ಸರಿ ಇದ್ರೂ ಹಳೇ ಬಿಳಿ ಬಿಸಿಲಿಗೆ ಸ್ವಲ್ಪ ಹಳದಿ ತಿರಗಿರ್ತದ, ಅದಕ್ಕ ಗೀರಿದಷ್ಟೇ ಜಾಗಾ ಹೊಡದ್ರ ಕಣ್ಣಿಗೆ ಹೊಡಿತದ, ಪೂರಾ ಡೋರ್ ಅಂಚಿಂದ ಅಂಚಿಗೆ ಹೊಡೀರಿ.

ಪೇಂಟ್ ಹೊಡಿಯೋದು ಸಣ್ಣ ಕೆಲಸ್ರಿ, ಘಡಾ ಕೆಲಸ ತಿಕ್ಕೋದ್ರಾಗ ಅದ. ಮೊದಲ ಶಾಂಪೂ ಹಾಕಿ ತೊಳೀರಿ, ಆಮ್ಯಾಲ ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಒರಸ್ರಿ. ಮೊದಲ್ ಯಾವಾಗರೆ ಸಿಲಿಕೋನ್ ಪಾಲಿಶ್ ಹಚ್ಚಿದ್ದು ಉಳಿದಿದ್ರ ಪೇಂಟ್ ಅಲ್ಲಿ ಕುಂದರಂಗಿಲ್ಲ, ದುಂಡ ದುಂಡ ಕುಣಿ ಬೀಳ್ತಾವ. ಗೀರು ಇದ್ದಲ್ಲಿ 320 ನಂಬರಿನ ತಿಕ್ಕೋ ಪೇಪರ್ (ನಂಬರ್ ಹೆಚ್ಚಾದಷ್ಟು ನುಣುಪು), ತಗಡ ಕಂಡಲ್ಲಿ ತುಕ್ಕು ಪೂರಾ ತೆಗೆದು ತುಕ್ಕು ತಡಿಯೋ ಪ್ರೈಮರ್, ಕುಣಿ ಇದ್ರ ಪುಟ್ಟಿ. ಅದರ ಮ್ಯಾಲ ಫಿಲ್ಲರ್ ಪ್ರೈಮರ್ (ಸಣ್ಣ ತಗ್ಗು ತುಂಬೋ ದಪ್ಪ ಪ್ರೈಮರ್) ಹೊಡೀರಿ, ಅದು ಒಣಗಿದ ಮ್ಯಾಲ ಕರಿ ಸ್ಪ್ರೇ ದೂರದಿಂದ ಹಗೂರಕ ಒಮ್ಮೆ ಉದುರಿಸಿ, 600 ವಾಟರ್ ಪೇಪರ್ ತಿಕ್ರಿ, ಎಲ್ಲಿ ಕರಿ ಉಳಿತದೋ ಅಲ್ಲಿ ಇನ್ನಾ ತಗ್ಗು ಅದ ಅಂತ. ಈ ಒಂದು ಯುಕ್ತಿ ಗೊತ್ತಿದ್ರ ಅರ್ಧಾ ಪೇಂಟರ್ ಆದ್ರಿ. ಕೊನಿಗೆ 800 ಇಲ್ಲಾ 1000.

ಡಬ್ಬಿ ಒಳಗಿನ ಗೋಲಿ ಸಪ್ಪಳ ಬಂದ ಮ್ಯಾಲೂ ಎರಡು ನಿಮಿಷ ಅಲ್ಲಾಡಸ್ರಿ, ಒಂದು ಗೇಣು ದೂರ ಹಿಡಿರಿ, ಡೋರ್ ಹೊರಗಿಂದ ಶುರು ಮಾಡಿ ಹೊರಗೇ ಬಿಡ್ರಿ, ಪ್ರತಿ ಗೆರಿ ಹಿಂದಿನ ಗೆರಿ ಅರ್ಧಾ ಮುಚ್ಚಬೇಕು. ಮೊದಲನೇ ಕೋಟ್ ಮುಸುಕು ಮುಸುಕು ಕಾಣಲಿ, ಒಮ್ಮೆಗೇ ತುಂಬಸ್ಲಾಕ್ ಹೋದ್ರ ಸುರಿತದ. ನಡುವ 10–15 ನಿಮಿಷ ಬಿಡ್ರಿ.

ಯಾದಗಿರಿಯಿಂದ: ಮ್ಯಾಲಿನವ್ರು ಹವಾಮಾನ ಬಿಟ್ಟಾರ, ನಮ್ಮ ಕಡಿ ಅದೇ ಮುಖ್ಯ ಅಲ್ಲೇನ್ರಿ. ಬ್ಯಾಸಗಿದಾಗ 42 ಡಿಗ್ರಿ ಇದ್ದಾಗ ತಗಡ ಮುಟ್ಲಾಕ ಆಗಂಗಿಲ್ಲ, ಪೇಂಟ್ ಹಾರ್ಕೋತಾನೇ ಒಣಗಿ ಉಸುಕು ಉಸುಕು ಬೀಳ್ತದ. ಡಬ್ಬಿ ಕಾರ್‌ನಾಗೇ ಬಿಟ್ಟು ಹೋದ್ರಂತೂ ಸಿಡಿಬಹುದು, 50 ಡಿಗ್ರಿ ಮ್ಯಾಲ ಇಡಬ್ಯಾಡ್ರಿ ಅಂತ ಅದರ ಮ್ಯಾಲೇ ಬರ್ದಿರ್ತದ. ಮಳಿಗಾಲದಾಗ ಹೊಡದ್ರ ಮ್ಯಾಲ ಬಿಳಿ ಮಂಜು ಕಟ್ತದ. ಚಳಿಗಾಲ ಛಲೋ, ಆದ್ರ ತೊಗರಿ ರಾಶಿ ನಡ್ದಾಗ ಹೊಲದ ಕಡಿ ಮನಿ ಇದ್ದವ್ರು ಕೈ ಹಚ್ಚಬ್ಯಾಡ್ರಿ, ಆ ಧೂಳು ಹಸಿ ಪೇಂಟ್ ಹುಡಿಕ್ಕೊಂಡೇ ಬರ್ತದ. ಬಿಸಿಲೇರೋಕಿಂತ ಮೊದಲ, ಗಾಳಿ ಇಲ್ಲದಾಗ, ಅಂಗಳದ ಶಹಾಬಾದ್ ಬಂಡಿ ಮ್ಯಾಲ ಸ್ವಲ್ಪ ನೀರು ಚಿಮುಕಿಸಿ ಹೊಡೀರಿ.

ಸೇಡಂನಿಂದ: ನಮ್ಮೂರಾಗ ಸಿಮೆಂಟ್ ಧೂಳು ಬ್ಯಾರೆ. ಒಣಾ ಅರಿವಿಲೆ ಒರಸಿದ್ರ ಪೇಂಟ್‌ಗಿಂತ ಮೊದ್ಲೇ ಹೊಸ ಗೀರು ಬೀಳ್ತಾವ, ಮೊದಲ ನೀರು ಬಿಡ್ರಿ. ಕ್ಲಿಯರ್ ಕೋಟ್ (ಬಣ್ಣದ ಮ್ಯಾಲ ಹೊಡಿಯೋ ಪಾರದರ್ಶಕ ಕೋಟ್) ಬಗ್ಗೆ ಯಾರೂ ಹೇಳಿಲ್ಲಲ್ರಿ? ಸಾದಾ 1ಕೆ (ಹಾರ್ಡನರ್ ಇಲ್ಲದ್ದು) ಕ್ಲಿಯರ್ ಪೆಟ್ರೋಲ್ ಬಿದ್ರ ಮೆತ್ತಗಾಗ್ತದ. 2ಕೆ ಡಬ್ಬಿದು ಗಟ್ಟಿ ಇರ್ತದ, ತಳದಾಗಿನ ಗುಂಡಿ ಒತ್ತಿದ್ರ ಹಾರ್ಡನರ್ (ಗಟ್ಟಿ ಮಾಡೋ ದ್ರಾವಣ) ಕೂಡ್ತದ, ಆಮ್ಯಾಲ ಉಳಿಸಿ ಇಡ್ಲಾಕ ಬರಂಗಿಲ್ಲ. ಆದ್ರ ಅದರಾಗ ಐಸೋಸಯನೇಟ್ ಇರ್ತದ, ಉಬ್ಬಸ ತರೋ ವಸ್ತು, ಕೊರೋನಾ ಮಾಸ್ಕ್ ಏನೂ ತಡಿಯಂಗಿಲ್ಲ, ಕಾರ್ಟ್ರಿಜ್ ರೆಸ್ಪಿರೇಟರ್, ಕನ್ನಡಕ, ಗ್ಲೌಸ್ ಇಲ್ದ ಮುಟ್ಟಲೇಬ್ಯಾಡ್ರಿ, ಮನ್ಯಾಗ ಉಬ್ಬಸದವ್ರು, ಕೂಸುಗಳು ಇದ್ರ ಆ ವಿಚಾರಾನೇ ಬಿಡ್ರಿ. ಡೋರ್ ಅಷ್ಟೇ ಅಂದ್ರ 1ಕೆ ನಡಿತದ ಅಂತ ನನ್ನ ಅಭಿಪ್ರಾಯ.

ಕಲಬುರಗಿಯಿಂದ: ನಾನು ಸ್ವಲ್ಪ ಉಲ್ಟಾ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಪ್ರೈಮರ್, ಬಣ್ಣ, ಕ್ಲಿಯರ್, ಪೇಪರ್, ಟೇಪ್, ಕಂಪೌಂಡ್, ಮಾಸ್ಕ್ ಎಲ್ಲಾ ಕೂಡಿಸಿ ಒಮ್ಮೆ ಚೀಟಿ ಮ್ಯಾಲ ಬರ್ದು ನೋಡ್ರಿ, ಒಂದೇ ಡೋರ್‌ಗೆ ಗ್ಯಾರೇಜ್‌ದವ್ರ ರೇಟ್ ಹತ್ತಿರ ಹೋದ್ರೂ ಹೋಗ್ತದ. ಕೈ ಕೆಲಸದ ಹುಚ್ಚು ಇದ್ರ ಮಾಡ್ರಿ, ಬರೇ ರೊಕ್ಕ ಉಳಸ್ಲಾಕ ಅಂದ್ರ ಬ್ಯಾಡ. ಮತ್ತ ಹೊಡಿಯೋದೇ ಆದ್ರ ಅದೇ ಬಿಳಿ ಹೊಡೀರಿ, ಗಾಡಿ ಬಣ್ಣಾನೇ ಬದಲಿ ಮಾಡಿದ್ರ ಆರ್‌ಸಿದಾಗ ಬರಸ್ಲಾಕ ಆರ್‌ಟಿಓ ಆಫೀಸ್‌ಗೆ ಓಡಾಡ್ಬೇಕಾಗ್ತದ.

ಕೇಳಿದವ್ರು: ಭಾಳ ಉಪಕಾರ ಆತ್ರಿ ಎಲ್ಲಾರ್ದೂ. ಸದ್ಯಕ್ಕ ತಗಡ ಕಂಡಲ್ಲಿ ತುಕ್ಕು ಹತ್ತಬಾರ್ದು ಅಂತ ಪ್ರೈಮರ್ ಅಷ್ಟೇ ಹಚ್ಚಿ ಇಡ್ತೀನಿ, ಬಣ್ಣ ದೀಪಾವಳಿ ಆದ ಮ್ಯಾಲ. ಐಪಿಎ ಕಲಬುರಗಿದಾಗ ಎಲ್ಲಿ ಸಿಗ್ತದ, ಅದೊಂದು ಹೇಳ್ರಿ.