ತಾಮ್ರ ದುಬಾರಿ, ಎದುರಾಳಿ ಖರ್ಚು ಕಮ್ಮಿ: ಗುಣಮಟ್ಟಕ್ಕೆ ದುಡ್ಡು ಹಾಕಲಾ? ಅನುಭವ ಇದ್ದೋರು ಹೇಳಿ

ಕೇಳಿದವರು: ಸಣ್ಣ ಮೋಟಾರ್ ತಯಾರಿಸ್ತೀವಿ. ಎದುರಾಳಿ ದೊಡ್ಡ ಕಂಪನಿ, ಒಂದು ಮೋಟಾರಿಗೆ ಅವರಿಗೆ ಬೀಳೋ ಖರ್ಚು ನಮಗಿಂತ ಕಮ್ಮಿ. ಸರ್ಜ್ ಟೆಸ್ಟರ್ (ಕಾಯಿಲಿನ ಸುತ್ತು ಸುತ್ತಿನ ನಡುವಿನ ಶಾರ್ಟ್ ಹಿಡಿಯೋ ಯಂತ್ರ) ತಗೊಳ್ಳಲಾ, ಬೆಲೆ ಇಳಿಸಲಾ?

ವೈಂಡಿಂಗ್ ಮೇಸ್ತ್ರಿ: ಯೋಚನೆ ಮಾಡ್ಬೇಡಿ, ಟೆಸ್ಟರ್ ತಗೊಳ್ಳಿ. ನಮ್ಮಲ್ಲಿ ಮೆಗ್ಗರ್‌ನಲ್ಲಿ (ಇನ್ಸುಲೇಶನ್ ಅಳೆಯೋ ಮೀಟರ್) ಪಾಸಾದ ಕಾಯಿಲೇ ಗಿರಾಕಿ ಹತ್ರ ಹೋಗಿ ಸುಡ್ತಿತ್ತು. ಮೆಗ್ಗರ್ ಅರ್ಥ್‌ಗೆ ಸೋರೋದನ್ನ ಹಿಡಿಯುತ್ತೆ, ಸುತ್ತು ಸುತ್ತಿನ ನಡುವಿನ ಶಾರ್ಟ್ ಹಿಡಿಯಲ್ಲ. ವಾಪಸ್ ಬಂದ ಒಂದೊಂದು ಮೋಟಾರಿಗೂ ಎರಡು ಕಡೆ ಸಾಗಾಟ, ಸುಟ್ಟ ತಂತಿ ಕೀಳೋ ಕೂಲಿ, ಹೊಸ ತಂತಿ, ವಾರ್ನಿಷ್, ಓವನ್ ಕರೆಂಟು, ಡೀಲರ್ ಮುನಿಸು ಬೇರೆ. ಟೆಸ್ಟರ್ ಬಂದ್ಮೇಲೆ ಅದೆಲ್ಲ ನಿಂತಿದೆ. ಹೆಮ್ಮೆಯಿಂದ ಹೇಳ್ತೀನಿ.

ಸಾಲಗಾರ: ಮೇಸ್ತ್ರಿ, ನಿಮ್ಮ ಎದುರಾಳಿ ನಿಮ್ಮಷ್ಟೇ ಚಿಕ್ಕವನಿರಬೇಕು, ಅದಕ್ಕೇ ಈ ಮಾತು. ಟೆಸ್ಟರ್ ಒಂದೇ ಸಲದ ಖರ್ಚು. ಹತ್ತು ಪಟ್ಟು ಮಾರೋನಿಗೆ ಮೋಟಾರಿಗೆ ಬೀಳೋದು ಹತ್ತರಲ್ಲಿ ಒಂದು ಪಾಲು. ತಯಾರಿ ಖರ್ಚು ಕಮ್ಮಿ ಇರೋದ್ರಿಂದ ಹೊಸದಾಗಿ ಬರೋ ಪ್ರತಿ ಗಿರಾಕಿಯಿಂದ ಅವನಿಗೆ ಉಳಿಯೋದೂ ಜಾಸ್ತಿ. ಗುಣಮಟ್ಟಕ್ಕೆ ದುಡ್ಡು ಹಾಕೋ ಆಸೆ ಅವನಿಗೇ ಹೆಚ್ಚು. ನಾವು ಟೆಸ್ಟರ್, ವ್ಯಾಕ್ಯೂಮ್ ವಾರ್ನಿಷ್ ಟ್ಯಾಂಕ್ (ಗಾಳಿ ತೆಗೆದು ಕಾಯಿಲ್ ಒಳಗೆಲ್ಲ ವಾರ್ನಿಷ್ ಇಳಿಸೋದು) ಎರಡಕ್ಕೂ ಸಾಲ ತಂದ್ವಿ. ನಮ್ಮ ದೊಡ್ಡ ಎದುರಾಳಿಯೂ ಎರಡನ್ನೂ ತಂದ, ಮೇಲೆ ರೇಟೂ ಇಳಿಸಿದ. ನಮ್ಮ ಟ್ಯಾಂಕ್ ಅರ್ಧ ಹೊತ್ತು ಖಾಲಿ, ಕಂತು ಮಾತ್ರ ಪೂರ್ತಿ.

ಸ್ಟ್ಯಾಂಪಿಂಗ್: 1982ರಲ್ಲೇ ಶೇಕ್ಡ್, ಸಟನ್ ಅನ್ನೋ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ: ಇಬ್ಬರೂ ಒಂದೇ ಗುಣಮಟ್ಟಕ್ಕೆ ನಿಂತ್ರೆ ಬೆಲೆ ಜಗಳದಲ್ಲಿ ಇಬ್ಬರ ಲಾಭವೂ ಹೋಗುತ್ತೆ. ನನ್ನ ಎದುರಾಳಿ ಮೇಲ್ದರ್ಜೆ ಹಿಡಿದ್ರು, ನಾನು ತಾಮ್ರದ ಬದಲು ಅಗ್ಗದ ಅಲ್ಯೂಮಿನಿಯಂ ವೈಂಡಿಂಗ್ ಹಿಡಿದೆ. ಫ್ಯಾಕ್ಟರಿ ನಡೀತಿದೆ.

ವೈಂಡಿಂಗ್ ಮೇಸ್ತ್ರಿ: ಅಲ್ಯೂಮಿನಿಯಂ! ವಾಹಕತೆ ತಾಮ್ರದ ಸುಮಾರು 61%. ಅದೇ ಸ್ಲಾಟಿಗೆ (ತಂತಿ ಕೂರೋ ಸಂದು) ತುರುಕಿದ್ರೆ ಕಾಯಿಲ್ ಕಾಯದೆ ಇರುತ್ತಾ? ನಿಮ್ಮಂಥೋರಿಂದಲೇ ಸಣ್ಣ ತಯಾರಕರ ಮಾಲು ಅಂದ್ರೆ ಜನ ಮೂಗು ಮುರಿಯೋದು.

ಸ್ಟ್ಯಾಂಪಿಂಗ್: ತುರುಕಿದ್ದು ಯಾರು ಸ್ವಾಮಿ? ಸ್ಟ್ಯಾಂಪಿಂಗ್ ಡೈನೇ (ಮೋಟಾರಿನ ತಗಡು ಕತ್ತರಿಸೋ ಅಚ್ಚು) ಹೊಸದು ಮಾಡಿಸಿ, ಸ್ಲಾಟ್ ದೊಡ್ಡದು ಮಾಡಿ, ಅಡ್ಡಕೊಯ್ತದ ವಿಸ್ತೀರ್ಣ 1.6 ಪಟ್ಟು ಇರೋ ತಂತಿ ಹಾಕಿದ್ದೀನಿ. ಆದ್ರೂ ತಂತಿ ತೂಕ ತಾಮ್ರದ ಸುಮಾರು ಅರ್ಧ. ಡೈಗೆ ಸುರಿದ ದುಡ್ಡು ನಿಮ್ಮ ಟೆಸ್ಟರಿಗಿಂತ ಜಾಸ್ತಿ.

ಸಾಲಗಾರ: ಜಾಯಿಂಟ್? ಆಕ್ಸೈಡ್ ಪದರ ಕಟ್ಟಿ ಅಲ್ಲೇ ಸುಡೋದು. ಬೆಸುಗೆ ಹಾಕ್ತೀರಾ, ಕ್ರಿಂಪಾ (ಒತ್ತಿ ಜೋಡಿಸೋದು)? ಲೇಬಲ್ ಮೇಲೆ ಅಲ್ಯೂಮಿನಿಯಂ ಅಂತ ಹಾಕಿದ್ದೀರಾ?

ಸ್ಟ್ಯಾಂಪಿಂಗ್: ಕ್ರಿಂಪ್. ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದ್ದೀನಿ. ಮುಚ್ಚಿಟ್ಟು ತಾಮ್ರದ ರೇಟಿಗೆ ಮಾರೋರ ಸಾಲಿಗೆ ನನ್ನ ಸೇರಿಸ್ಬೇಡಿ.

ವೈಂಡಿಂಗ್ ಮೇಸ್ತ್ರಿ: ಹಾಗಿದ್ರೆ ಆ ಲೇಬಲ್ ಫೋಟೋ ಹಾಕಿ, ಆಮೇಲೆ ಮಾತಾಡೋಣ.