ಕೌಚ್‌ಡಿಬಿ ಕ್ಲಸ್ಟರ್: ಲಾಗಿನ್ ಆದ ಮೇಲೂ ಆಗಾಗ 401 ಬರುತ್ತಿದೆ

ಪ್ರಶ್ನೆ:
ನಮಸ್ಕಾರ. ಮೂರು ನೋಡ್‌ಗಳ (ಸರ್ವರ್‌ಗಳ) ಕೌಚ್‌ಡಿಬಿ 3 ಡೇಟಾಬೇಸ್ ಕ್ಲಸ್ಟರಿನ ಮುಂದೆ, ರಿಕ್ವೆಸ್ಟ್‌ಗಳನ್ನು ಅವುಗಳಿಗೆ ಹಂಚುವ ಎಚ್‌ಎಪ್ರಾಕ್ಸಿ ಇಟ್ಟು, ಗ್ರಂಥಾಲಯವೊಂದರ ಪುಸ್ತಕಪಟ್ಟಿಯ ವೆಬ್ ಅಪ್ಲಿಕೇಶನ್ ನಡೆಸುತ್ತಿದ್ದೇನೆ. /_ಸೆಷನ್ ವಿಳಾಸಕ್ಕೆ ಹೆಸರು, ಪಾಸ್‌ವರ್ಡ್ ಪೋಸ್ಟ್ ಮಾಡಿದರೆ 200 ಬರುತ್ತದೆ, ಲಾಗಿನ್ ಗುರುತಾದ ಆಥ್‌ಸೆಷನ್ ಕುಕಿಯೂ ಬ್ರೌಸರಿಗೆ ಸೇರುತ್ತದೆ. ಆದರೆ ಅದರ ಬೆನ್ನಿಗೇ ಕಳುಹಿಸಿದ ರಿಕ್ವೆಸ್ಟ್‌ಗಳಲ್ಲಿ ಕೆಲವಕ್ಕೆ ಡೇಟಾ ಬರುತ್ತದೆ, ಕೆಲವಕ್ಕೆ 401, ಅಂದರೆ ಲಾಗಿನ್ ಆಗಿಲ್ಲವೆಂಬ ಉತ್ತರ. ಒಂದೇ ನೋಡ್ ಇದ್ದಾಗ ಈ ತೊಂದರೆಯಿಲ್ಲ. ಕುಕಿಯ ಅವಧಿಯನ್ನು 600 ಸೆಕೆಂಡಿನಿಂದ 3600ಕ್ಕೆ ಏರಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ:
ಅವಧಿಯನ್ನು ಮೊದಲಿನಂತೆಯೇ ಇಡಿ, ದೋಷ ಅಲ್ಲಿಲ್ಲ. ಯಾರು ಲಾಗಿನ್ ಆಗಿದ್ದಾರೆಂಬ ಪಟ್ಟಿಯನ್ನು ಕೌಚ್‌ಡಿಬಿ ಇಟ್ಟುಕೊಳ್ಳುವುದೇ ಇಲ್ಲ. ಬಳಕೆದಾರರ ಹೆಸರು, ಕುಕಿ ಕೊಟ್ಟ ಸಮಯ, ಜೊತೆಗೆ ಇವಕ್ಕೆ ಸರ್ವರಿನ ಸೀಕ್ರೆಟ್ (ಗುಟ್ಟಿನ ಕೀಲಿ) ಮತ್ತು ಆ ಬಳಕೆದಾರರ ಸಾಲ್ಟ್ (ಪಾಸ್‌ವರ್ಡಿನೊಂದಿಗೆ ಬೆರೆಸುವ ಯಾದೃಚ್ಛಿಕ ಅಕ್ಷರಗಳು) ಸೇರಿಸಿ ಲೆಕ್ಕ ಹಾಕಿದ ಎಚ್‌ಮ್ಯಾಕ್ ಎಂಬ ಸಹಿ, ಕುಕಿಯಲ್ಲಿರುವುದು ಇಷ್ಟೇ. ಕುಕಿಯ ಬೇಸ್64 ಬರಹರೂಪವನ್ನು (ಇದು ಗೂಢಲಿಪಿಯಲ್ಲ) ಬಿಡಿಸಿದರೆ ಹೆಸರೂ ಹೆಕ್ಸ್ (ಹದಿನಾರರ ಎಣಿಕೆ) ರೂಪದ ಸಮಯವೂ ಕಣ್ಣಿಗೇ ಕಾಣುತ್ತವೆ. ಸೀಕ್ರೆಟ್ ಕೊಡದೆ ಶುರು ಮಾಡಿದ ನೋಡ್ ತನಗೆ ತಾನೇ ಒಂದನ್ನು ಹುಟ್ಟಿಸಿಕೊಳ್ಳುವುದರಿಂದ, ಮೊದಲ ನೋಡ್ ಹಾಕಿದ ಸಹಿ ಎರಡನೆಯದರಲ್ಲಿ ತಾಳೆಯಾಗದು. ಅದು ಕುಕಿಯನ್ನು ಕಡೆಗಣಿಸಿ, ನಿಮ್ಮನ್ನು ಲಾಗಿನ್ ಆಗದವರೆಂದೇ ಎಣಿಸುತ್ತದೆ.

ಪರೀಕ್ಷಿಸಲು, ಪ್ರಾಕ್ಸಿಯನ್ನು ಬಿಟ್ಟು ಒಂದೇ ಕುಕಿಯೊಂದಿಗೆ ಪ್ರತಿಯೊಂದು ನೋಡಿನ 5984ನೇ ಪೋರ್ಟಿಗೆ /_ಸೆಷನ್ ಕೇಳಿ. ಸಹಿ ಒಪ್ಪದ ನೋಡ್ 200 ಎಂದೇ ಉತ್ತರಿಸಿದರೂ ಹೆಸರಿನ ಜಾಗದಲ್ಲಿ ನಲ್ (ಖಾಲಿ) ಇರುತ್ತದೆ. ಹಾಗಿದ್ದರೆ ಮೂರೂ ನೋಡ್‌ಗಳ ಲೋಕಲ್.ಇನಿ ಫೈಲಿನಲ್ಲಿ, ಸಿಎಚ್‌ಟಿಟಿಪಿಡಿ_ಆಥ್ ವಿಭಾಗದಡಿ, ಒಂದೇ ಸೀಕ್ರೆಟ್ ಬರೆದು ರೀಸ್ಟಾರ್ಟ್ ಮಾಡಿ. ಅಡ್ಮಿನ್ ಪಾಸ್‌ವರ್ಡನ್ನು ಮಾತ್ರ ಪ್ರತಿ ನೋಡಿನಲ್ಲೂ ಹೊಸದಾಗಿ ಟೈಪ್ ಮಾಡಬೇಡಿ. ಪಾಸ್‌ವರ್ಡ್ ಒಂದೇ ಆದರೂ ಸಾಲ್ಟ್ ಬೇರೆಯಾಗುವುದರಿಂದ, ಒಂದು ನೋಡಿನಲ್ಲಿ ಸಿದ್ಧವಾದ ಹ್ಯಾಶ್ (ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಮರೆರೂಪ) ಸಾಲನ್ನೇ ಉಳಿದೆರಡಕ್ಕೆ ನಕಲಿಸಬೇಕು. ಸಾಮಾನ್ಯ ಬಳಕೆದಾರರ ಮಾಹಿತಿ ಕ್ಲಸ್ಟರಿನಲ್ಲಿ ಹಂಚಿಕೆಯಾಗಿಯೇ ಇರುತ್ತದೆ. ಕುಕಿಯ ಅವಧಿಯನ್ನು ಸಮಯದಿಂದಲೇ ಎಣಿಸುವುದರಿಂದ, ನೋಡ್‌ಗಳ ಗಡಿಯಾರಗಳು ಎನ್‌ಟಿಪಿಗೆ (ಜಾಲದ ಮೂಲಕ ಸಮಯ ಹೊಂದಿಸುವ ವ್ಯವಸ್ಥೆಗೆ) ಹೊಂದಿಕೊಂಡಿವೆಯೇ ಎಂದೂ ನೋಡಿ.

ಪ್ರಾಕ್ಸಿಯಲ್ಲಿ ಸ್ಟಿಕ್ಕಿ ಸೆಷನ್ (ಒಬ್ಬ ಬಳಕೆದಾರರನ್ನು ಸದಾ ಒಂದೇ ನೋಡಿಗೆ ಕಳುಹಿಸುವುದು) ಹಾಕಿದರೂ 401 ನಿಲ್ಲುತ್ತದೆ, ಆದರೆ ಅದು ರೋಗವನ್ನು ಮುಚ್ಚಿಡುವ ಮದ್ದು. ಒಂದು ನೋಡ್ ಬಿದ್ದರೆ ಅದರ ಪಾಲಿನವರೆಲ್ಲ ಮತ್ತೆ ಲಾಗಿನ್ ಆಗಬೇಕಾಗುತ್ತದೆ.

ಮರುಪ್ರಶ್ನೆ:
ಸೀಕ್ರೆಟ್ ಒಂದೇ ಮಾಡಿದ ಮೇಲೆ 401 ನಿಂತಿತು, ಧನ್ಯವಾದಗಳು. ಆದರೆ /_ಸೆಷನ್‌ಗೆ ಡಿಲೀಟ್ ಕಳುಹಿಸಿ ಲಾಗೌಟ್ ಆದ ಮೇಲೂ, ಮೊದಲೇ ನಕಲಿಸಿಟ್ಟ ಕುಕಿ ಕರ್ಲ್‌ನಲ್ಲಿ (ಕಮಾಂಡ್‌ಲೈನಿನಿಂದ ರಿಕ್ವೆಸ್ಟ್ ಕಳುಹಿಸುವ ಸಾಧನದಲ್ಲಿ) ಕೆಲಸ ಮಾಡುತ್ತಿದೆಯಲ್ಲ?

ಉತ್ತರ:
ಪಟ್ಟಿಯೇ ಇಲ್ಲದ ಕಡೆ ಹೆಸರು ಹೊಡೆದುಹಾಕುವುದೆಲ್ಲಿಂದ ಬಂತು? ಡಿಲೀಟ್ ಬ್ರೌಸರಿಗೆ ಕುಕಿಯನ್ನು ಖಾಲಿ ಮಾಡಲು ಹೇಳುತ್ತದೆ, ಅಷ್ಟೇ. ನಕಲು ತನ್ನ ಅವಧಿ ಮುಗಿಯುವವರೆಗೂ ಸಲ್ಲುತ್ತದೆ. 600 ಸೆಕೆಂಡೇ ಇರಲಿ ಎಂದದ್ದು ಇದಕ್ಕಾಗಿಯೂ ಹೌದು. ಅವಧಿಯ ಹತ್ತನೇ ಒಂದು ಪಾಲು ಕಳೆದ ನಂತರ ಬರುವ ರಿಕ್ವೆಸ್ಟಿಗೆ ಸರ್ವರ್ ಹೊಸ ಕುಕಿ ಕೊಡುವುದರಿಂದ, ಕೆಲಸದಲ್ಲಿರುವವರು ನಡುವೆ ಹೊರಬೀಳುವುದಿಲ್ಲ. ಯಾರದಾದರೂ ಕುಕಿ ಕಳುವಾದ ಅನುಮಾನವಿದ್ದರೆ ಅವರ ಪಾಸ್‌ವರ್ಡ್ ಬದಲಿಸಿ. ಸಾಲ್ಟ್ ಬದಲಾಗಿ ಹಳೆಯ ಸಹಿಗಳು ಕೆಡುತ್ತವೆ. ಸೀಕ್ರೆಟ್ ಬದಲಿಸಿದರೆ ಎಲ್ಲರೂ ಒಟ್ಟಿಗೆ ಹೊರಬೀಳುತ್ತಾರೆ, ಆದ್ದರಿಂದ ಅದನ್ನು ಗ್ರಂಥಾಲಯ ಮುಚ್ಚಿದ ಮೇಲೆ ಮಾಡಿ.